ಗಾಬ್ಲಿನ್‌ಗಳ ಡಬ್ಬಿ

ನಾನು ಕೊಂದ ಗಾಬ್ಲಿನ್‌ಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನಿಗೆ ಹೋಗಲು ಏಣಿ ಬೇಡ. ತುದಿಯಲ್ಲಿದ್ದವನ ಟೊಪ್ಪಿ ಅಲ್ಲೇ ಸಿಕ್ಕಿಕೊಂಡು, ಹುಣ್ಣಿಮೆಯ ದಿನ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಕಾಣದಿದ್ದರೆ ನಿಮ್ಮ ಕಣ್ಣಿನ ದೋಷ. ವಾರವೆಲ್ಲ ನಾನು ಲಿಫ್ಟ್ ರಿಪೇರಿ ಮಾಡುತ್ತೇನೆ. ಭಾನುವಾರ ಮಧ್ಯಾಹ್ನ ನಮ್ಮ ಊಟದ ಮೇಜಿನ ಮುಂದೆ ಮಹಾವೀರನಾಗುತ್ತೇನೆ.

ಆಟ ನಡೆಸುವವಳು ನನ್ನ ಹೆಂಡತಿ. ಅವಳು ಕಾಡು, ಕೋಟೆ, ಗವಿಗಳ ಕಥೆ ಹೇಳುತ್ತಾಳೆ. ನಾವು ಅದರೊಳಗಿನ ಪಾತ್ರಗಳಾಗಿ ಮಾತಾಡುತ್ತೇವೆ. ಏಟು ಬಿತ್ತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತದೆ. ಬೇಕರಿಯವನು ಚೂಪು ಕಿವಿಯ ಎಲ್ಫ್. ಕನ್ನಡಕದಂಗಡಿಯವನು ಗಣಿ ಅಗೆಯುವ ಗಡ್ಡದ ಕುಬ್ಜ. ನಾನು ಮನುಷ್ಯನೇ, ಆದರೆ ಹತ್ತಾಳಿಗೆ ಸಮ. ಗಾಬ್ಲಿನ್‌ಗಳು ಸೊಂಟದೆತ್ತರದ ಹಸಿರು ಪುಂಡರು. ಗವಿಯಿಂದ ಬರುತ್ತಾರೆ, ನಮ್ಮ ಕೈಯಲ್ಲಿ ಸಾಯುತ್ತಾರೆ. ಸತ್ತವನ ಸೀಸದ ಬೊಂಬೆ ಕೊಂದವನ ಡಬ್ಬಿಗೆ ಸೇರುವುದು ನಮ್ಮ ಪದ್ಧತಿ. ನನ್ನ ಡಬ್ಬಿ ಎತ್ತಲು ಕ್ರೇನ್ ಬೇಕು.

ಇನ್ನೊಂದು ಪದ್ಧತಿಯೂ ಇದೆ. ಗುಂಪು ಬಿಟ್ಟು ಒಬ್ಬನೇ ಮುಂದೆ ಹೋದವನ ಆಟ ಅಡುಗೆಮನೆಯಲ್ಲಿ ನಡೆಯುತ್ತದೆ, ಅವನೂ ನನ್ನ ಹೆಂಡತಿಯೂ ಇಬ್ಬರೇ. ಒಳಗೆ ನಡೆದದ್ದನ್ನು ಆಟಗಾರನೇ ಹೊರಗೆ ಬಂದು ಹೇಳಬೇಕು. ಅವಳು ತುಟಿ ಪಿಟಿಕ್ಕೆನ್ನುವಂತಿಲ್ಲ. ಹಾಗೆ ಒಬ್ಬನೇ ಹೋಗುವ ಗಂಡೆದೆ ಇದ್ದದ್ದು ನನಗೊಬ್ಬನಿಗೇ. ನನ್ನ ಬೇಟೆಯೆಲ್ಲ ನಡೆದದ್ದು ಅಲ್ಲೇ.

ಕಳೆದ ಭಾನುವಾರ ನಾದಿನಿ ಆಟಕ್ಕೆ ಸೇರಲು ಬಂದಳು. ಯಾವ ಕುಲದವಳಾಗುತ್ತೀಯೆಂದು ಅಕ್ಕ ಕೇಳಿದ್ದಕ್ಕೆ, ಗಾಬ್ಲಿನ್ ಎಂದಳು. ಅದು ಆಗದಿದ್ದರೆ ಆಟವೇ ಬೇಡವೆಂದು ಚೀಲ ಹೆಗಲಿಗೇರಿಸಿ ನಿಂತಳು.

ಮೇಜು ಎರಡು ಪಕ್ಷವಾಯಿತು. ಎಲ್ಫ್‌ಗೆ ಹಾಡಿದೆ, ಕುಬ್ಜನಿಗೆ ಕಸುಬಿದೆ, ಗಾಬ್ಲಿನ್‌ಗೆ ಏನಿದೆ ಎಂದ ಬೇಕರಿಯವನು. ಹುಟ್ಟಿನಿಂದಲೇ ಕೆಟ್ಟ ಕುಲ ಅನ್ನುವುದಾದರೆ ಅದರಲ್ಲಿ ನಿನ್ನೆ ಹುಟ್ಟಿದ ಕೂಸು ಏನು ತಪ್ಪು ಮಾಡಿತು ಎಂದ ಕನ್ನಡಕದವನು. ಏಟು ಹಾಕುವ ಮೊದಲು ಇಷ್ಟೆಲ್ಲ ಯೋಚಿಸಬೇಕಾದರೆ ಭಾನುವಾರ ಯಾಕೆ ಬರಬೇಕೆಂದು ಬೇಕರಿಯವನು ಮುನಿದ. ನಾನು ಎದ್ದು ನಿಂತು, ಕಿಟಕಿ ಗಾಜು ಬಿರಿಯುವಂತೆ ಭಾಷಣ ಮಾಡಿದೆ: ಅವರಿಗೆ ಮನೆಯಿಲ್ಲ, ಮಾತಿಲ್ಲ, ಹೆಸರಿಲ್ಲ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ನಮ್ಮ ಶೌರ್ಯಕ್ಕೆಲ್ಲ ಏನರ್ಥ?

ನಾದಿನಿಗೆ ದೊಡ್ಡ ಅಂಗಡಿಯೊಂದರ ದೂರು ಕೌಂಟರಿನಲ್ಲಿ ಕೆಲಸ.

"ನನ್ನ ಹತ್ರ ಬರೋರೆಲ್ಲ ಬೈಯೋಕೇ ಬರ್ತಾರೆ ಭಾವ. ನನಗೂ ಒಂದು ಹೆಸರಿದೆ ಅಂತ ಯಾರಿಗೂ ಹೊಳೆಯಲ್ಲ. ಬೈಸ್ಕೊಳ್ಳೋನು ಬಾಯಿ ಬಿಟ್ರೆ ಏನು ಹೇಳ್ತಾನೆ ಅಂತ ಒಂದ್ಸಲ ನೋಡ್ಬೇಕು."

ಬೇಕರಿಯವನು ದಾಳ ಕೆಳಗಿಟ್ಟು ಮೆತ್ತಗಾದ. ಆದರೆ ಒಂದು ಷರತ್ತು ಹಾಕಿದ: ವೈರಿ ಕುಲ ಮೇಜಿಗೆ ಬರುವುದಾದರೆ ರಾಜಿ ಆಗಬೇಕು, ಅವರನ್ನು ಎಲ್ಲರಿಗಿಂತ ಹೆಚ್ಚು ಕೊಂದವನು ತನ್ನ ಡಬ್ಬಿಯಿಂದ ಒಂದು ಬೊಂಬೆ ತೆಗೆದು ತನ್ನ ಕೈಯಾರೆ ಕೊಡಬೇಕು. ಎಲ್ಲರೂ ಒಪ್ಪಿ ನನ್ನತ್ತ ತಿರುಗಿದರು.

ಮುಚ್ಚಳಕ್ಕೆ ತುಕ್ಕು ಹಿಡಿದಿದೆ ಎಂದೆ. ವೀರರ ಡಬ್ಬಿಯನ್ನು ಹಗಲಲ್ಲಿ ತೆರೆದರೆ ಭೂಕಂಪವಾಗುತ್ತದೆ ಎಂದೂ ಹೇಳಿದೆ. ಅಷ್ಟರಲ್ಲಿ ನಾದಿನಿ ಒಂದೇ ಕೈಯಲ್ಲಿ ಅದನ್ನೆತ್ತಿ ಮುಚ್ಚಳ ತೆಗೆದು ಬೋರಲು ಹಾಕಿದಳು. ಲಿಫ್ಟಿನ ನಟ್ಟು, ಬೋಲ್ಟು, ವಾಷರುಗಳು ಮೇಜಿನ ತುಂಬ ಉರುಳಿದವು. ಗಾಬ್ಲಿನ್ ಒಂದೂ ಇರಲಿಲ್ಲ. ನನ್ನ ಹೆಂಡತಿ ಚಾವಣಿ ನೋಡುತ್ತಿದ್ದಳು.

"ಅವರ ಹಲ್ಲುಗಳು," ಎಂದೆ.

"ಮತ್ತೆ ಆ ಸೇತುವೆ ಮೇಲಿನವನು?" ನಾದಿನಿ ಕೇಳಿದಳು. ಅಡುಗೆಮನೆಯ ಆಟವೊಂದರಲ್ಲಿ ತೆಂಗಿನಮರದೆತ್ತರದ ಆ ಗಾಬ್ಲಿನ್‌ನನ್ನು ಒಂದೇ ಏಟಿಗೆ ಸೀಳಿದ ಕಥೆಯನ್ನು ನೆಂಟರಿಷ್ಟರಿಗೆಲ್ಲ ಹೇಳಿದ್ದವನು ನಾನೇ.

"ಕರುಣೆಯಿಂದ ಬಿಟ್ಟುಬಿಟ್ಟೆ. ನನ್ನ ಕರುಣೆ ಅಂದ್ರೆ ಸಮುದ್ರ."

"ಹಾಗಾದ್ರೆ ಅವನು ಬದುಕಿದಾನೆ. ನಾನು ಅವನೇ ಆಗ್ತೀನಿ."

ಹೆಂಡತಿ ವೈರಿಗಳ ಪೆಟ್ಟಿಗೆಯಿಂದ ಲಾಟೀನು ಹಿಡಿದ ಪುಟ್ಟ ಬೊಂಬೆಯೊಂದನ್ನು ತೆಗೆದು ತಂಗಿಯ ಮುಂದಿಟ್ಟಳು. ನಾದಿನಿ ಚೀಲ ಕೆಳಗಿಟ್ಟು ಕೂತು, ಬೊಂಬೆಯ ಮುಖವನ್ನು ನನ್ನತ್ತ ತಿರುಗಿಸಿದಳು.

"ಈಗ ನಿಜ ಹೇಳಿ ಭಾವ. ಆವತ್ತು ನಾನು ಏನು ನೋಡ್ದೆ?"

ನನ್ನಲ್ಲಿ ಸುಳ್ಳಿಗೆ ಬರವೇ? ಆದರೆ ಕೇಳುತ್ತಿದ್ದವನು ಸೇತುವೆಯ ಮೇಲೆ ನನ್ನೆದುರೇ ನಿಂತಿದ್ದವನು. ಅವನಿಗೆ ಹೇಳುವಂಥ ಸುಳ್ಳು ಒಂದೂ ಸಿಗಲಿಲ್ಲ.

"ನಿನ್ನ ಲಾಟೀನು ನಡುಗ್ತಿತ್ತು," ಎಂದೆ. "ನನ್ನ ಕತ್ತಿ ಕೈಯಿಂದ ಜಾರಿ ನೀರಿಗೆ ಬಿತ್ತು. ಇಬ್ಬರೂ ಓಡಿದ್ವಿ, ನೀನು ಆ ಕಡೆ, ನಾನು ಈ ಕಡೆ."

ಅವಳು ಬೊಂಬೆಯನ್ನು ಇನ್ನೊಂದಿಂಚು ನನ್ನತ್ತ ಸರಿಸಿದಳು.

"ಮೊದಲು ಓಡಿದ್ದು ನಾನು."