ಇಸಿದೋರ್ ನೆಟ್ಟ ಸಾಲು

"ಗಿಡದ ಬುಡದಲ್ಲಿ ನೀರು ನಿಂತಿದೆ," ಎಂದಳು ಉರ್ಸುಲಾ.

ಮೈದುನ ಮೋಡೆಸ್ಟ್ ಕೇಳಿಸಿಕೊಳ್ಳದವನ ಹಾಗೆ, ಮಂಜಿನ ಮೇಲೆ ಎಳೆಯುವ ಜಾರುಬಂಡಿಗೆ ಹಗ್ಗ ಬಿಗಿಯುತ್ತಲೇ ಇದ್ದ. ಜೊತೆಗೆ ಮೂವರು ಗಂಡಸರು ರಬ್ಬರ್ ಬೂಟು ಹಾಕಿಕೊಂಡು ನಿಂತಿದ್ದರು. ಅವರಲ್ಲೊಬ್ಬನ ಹೆಂಡತಿ ಮೊನ್ನೆಯಷ್ಟೇ ಹೆತ್ತಿದ್ದಳು. ಆಚೆ ದಡದಲ್ಲಿ, ಯೆಲ್ಲೋನೈಫ್ ಪಟ್ಟಣದ ಆಸ್ಪತ್ರೆಯಿಂದ ಬಂದ ಲಾರಿ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಅದರೊಳಗಿನ ಹಲಗೆಪೆಟ್ಟಿಗೆಯಲ್ಲಿ ಇಸಿದೋರ್ ಇದ್ದ, ಅವಳೊಂದಿಗೆ ನಲವತ್ತು ವರ್ಷ ಬಾಳಿದ ಗಂಡ. ನಡುವೆ ಒಂದು ಮೈಲಿ ಅಗಲದ ಡೇಚೋ ಹೊಳೆ, ಮೇ ತಿಂಗಳ ಕೊಳೆತ ಮಂಜುಗಡ್ಡೆ ಹೊದ್ದುಕೊಂಡು.

ಆ ಮಂಜುಗಡ್ಡೆಯ ಮೇಲೆ ದಡದಿಂದ ದಡಕ್ಕೆ, ದಾರಿಯ ಗುರುತಿಗೆ ನಿಲ್ಲಿಸಿದ ಒಂದು ಸಾಲು ಸ್ಪ್ರೂಸ್ ಗಿಡಗಳು. ನವೆಂಬರಿನಲ್ಲಿ ಇಸಿದೋರನೇ ಹಾರೆಯಿಂದ ಕುಟ್ಟಿ ಕುಟ್ಟಿ, ಗಟ್ಟಿಯಿದ್ದ ಕಡೆ ನೋಡಿ, ಕಡಿದು ತಂದು ನೆಟ್ಟದ್ದು. ಊರಿನವರು ಇಡೀ ಚಳಿಗಾಲ ಆ ಸಾಲನ್ನೇ ನಂಬಿ ಆಚೆಯ ರಸ್ತೆಗೆ ಹೋಗಿಬಂದರು, ಬಲೆ ಹಾಕಿದರು, ಸೌದೆ ಎಳೆದರು. ನೆಟ್ಟವನು ಮಾತ್ರ ಫೆಬ್ರವರಿಯಲ್ಲಿ ಕೆಮ್ಮುತ್ತಾ ಅದರ ಗುಂಟವೇ ಆಸ್ಪತ್ರೆಗೆ ಹೋದವನು ವಾಪಸಾಗಲಿಲ್ಲ.

"ಬೆಳಗಿನ ಹೊತ್ತು, ಅತ್ತಿಗೆ. ರಾತ್ರಿ ಚಳಿಗೆ ಇನ್ನೂ ಬಿಗಿಯಾಗೇ ಇರುತ್ತೆ," ಎಂದ ಮೋಡೆಸ್ಟ್. "ಪೆಟ್ಟಿಗೆ ಏನು ಮಹಾ ಭಾರ? ಅಣ್ಣ ಕೊನೇಗೆ ಮೂಳೆಚಕ್ಕಳ ಆಗಿದ್ದ."

"ಮೂರು ವಾರಕ್ಕೆ ದೋಣಿ ಓಡುತ್ತಲ್ಲ."

"ಹೆಣ ಮೂರು ವಾರ ಕಾಯುತ್ತಾ? ವಿಮಾನ ಇಳಿಯೋ ಜಾಗ ಕೆಸರಾಗಿ ಕೂತಿದೆ. ಇವತ್ತು ತರದಿದ್ರೆ ಅಲ್ಲೇ ಮಣ್ಣು ಮಾಡ್ತಾರೆ. ಇಲ್ಲಿ ಎರಡು ದಿನ ಬೆಂಕಿ ಹಾಕಿ ನೆಲ ಕರಗಿಸಿ ಗುಂಡಿ ತೋಡಿದೀವಿ. ಇಲ್ಲಿ ಮಣ್ಣಾದ ನಿಮ್ಮ ಮಗು ಪಕ್ಕ ಮಲಗ್ತೀನಿ ಅಂತ ಅವನೇ ಹೇಳಿದ್ದು."

ಉರ್ಸುಲಾಳಿಗೂ ಅದನ್ನೇ ಹೇಳಿದ್ದ. ಪೆಟ್ಟಿಗೆ ಮುಚ್ಚುವ ಮುಂಚೆ ಅವನ ಕಾಲಿಗೆ ಹಾಕಲೆಂದು ನಾಲ್ಕು ದಿನ ಕೂತು ಮಣಿ ಪೋಣಿಸಿ ಹೊಲಿದ ಚರ್ಮದ ಮೆಟ್ಟುಗಳು ಅವಳ ಕೋಟಿನ ಜೇಬಿನಲ್ಲಿದ್ದವು.

ಹತ್ತೊಂಬತ್ತು ವರ್ಷದ ಹಿಂದೆ, ಇವೇ ದಿನಗಳಲ್ಲಿ, ಅವಳ ಅವ್ವ ಆಚೆ ದಡದ ಮೀನುಗಾರರ ಬಿಡಾರದಲ್ಲಿ ಕೊನೆಯುಸಿರು ಎಳೆಯುತ್ತಿದ್ದಳು. ಓಡಿಬಂದ ಉರ್ಸುಲಾಳನ್ನು ಇಸಿದೋರ್ ಇದೇ ಜಾಗದಲ್ಲಿ ಹಾರೆ ಅಡ್ಡ ಹಿಡಿದು ತಡೆದಿದ್ದ. "ಗಿಡದ ಬುಡದಲ್ಲಿ ನೀರು ನಿಂತ ಮೇಲೆ ದಾರಿ ಇಲ್ಲ. ನನ್ನವ್ವ ಆದ್ರೂ ಇಲ್ಲ, ನಿನ್ನವ್ವ ಆದ್ರೂ ಇಲ್ಲ." ಅವ್ವ ಆ ಸಂಜೆಯೇ ಹೋದಳು, ಅಲ್ಲೇ ಮಣ್ಣಾದಳು. "ನಿನಗೂ ಒಂದಿನ ಹೀಗೇ ಆಗ್ಲಿ," ಎಂದು ಶಪಿಸಿ ಉರ್ಸುಲಾ ಬೇಸಿಗೆ ಪೂರ್ತಿ ಗಂಡನೊಡನೆ ಮಾತು ಬಿಟ್ಟಿದ್ದಳು. ಪಾಪ, ಅವನು ಬಡಿಸಿದ್ದನ್ನು ತಿಂದು ಸುಮ್ಮನಿರುತ್ತಿದ್ದ.

ಸಿಟ್ಟಿನಲ್ಲಿ ಬಾಯಿಂದ ಬಿದ್ದ ಮಾತು ಈಗ ಎದುರಿಗೆ ಬಂದು ನಿಂತಿತ್ತು. ಒಂದು ಗಂಟೆಯ ಕೆಲಸ, ಹೋಗಿಬರಲಿ ಬಿಡು ಎಂದು ಅವಳ ಮನಸ್ಸೂ ಗೋಗರೆಯುತ್ತಿತ್ತು.

ಮೋಡೆಸ್ಟ್ ಹಗ್ಗವನ್ನು ಹೆಗಲಿಗೇರಿಸಿದ. ಉರ್ಸುಲಾ ಊರುಗೋಲಿನಂತೆ ಹಿಡಿದುಬಂದಿದ್ದ ಗಂಡನ ಹಾರೆಯನ್ನು ಎತ್ತಿಕೊಂಡು ಮೊದಲ ಗಿಡದ ತನಕ ನೀರಲ್ಲಿ ನಡೆದಳು. ಒಂದು ಏಟಿಗೆ ಮಂಜುಗಡ್ಡೆ ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಇನ್ನೊಂದಕ್ಕೆ ಕಪ್ಪು ನೀರು ಉಕ್ಕಿತು. ಹೊಳೆ ಹರಿಯುವುದು ಉತ್ತರಕ್ಕೆ. ದಕ್ಷಿಣದಲ್ಲಿ ಕರಗಿದ್ದೆಲ್ಲ ಆಗಲೇ ಅಡಿಯಲ್ಲಿ ಬಂದು ಸೇರಿಕೊಂಡಿತ್ತು. ಅವಳು ಗಿಡವನ್ನು ಅಲುಗಾಡಿಸಿ ಕಿತ್ತು, ದಾರಿಗೆ ಅಡ್ಡ ಮಲಗಿಸಿದಳು. ಪ್ರತಿ ವರ್ಷ ದಾರಿ ಮುಚ್ಚುವಾಗ ಇಸಿದೋರ್ ಮಾಡುತ್ತಿದ್ದದ್ದೂ ಹೀಗೆಯೇ. ಅಡ್ಡ ಮಲಗಿದ ಗಿಡವನ್ನು ಇದುವರೆಗೆ ಊರಲ್ಲಿ ಯಾರೂ ದಾಟಿದ್ದಿಲ್ಲ.

"ಅತ್ತಿಗೆ, ಅವನು ನಿಮ್ಮ ಗಂಡ," ಎಂದ ಮೋಡೆಸ್ಟ್.

"ಗೊತ್ತು ಕಣಪ್ಪ. ನನ್ನ ಗಂಡ ಆದ್ರೂ ಇಲ್ಲ."

ಮೋಡೆಸ್ಟ್ ಹಗ್ಗ ಕೆಳಗಿಟ್ಟು, ಖಾಲಿ ಬಂಡಿಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಹೊಸದಾಗಿ ತಂದೆಯಾದವನು ಅವನ ಬೆನ್ನು ಸವರುತ್ತಾ ನಿಂತ.

ಉರ್ಸುಲಾ ಅಂಗಡಿಯ ರೇಡಿಯೋದಲ್ಲಿ ಆಚೆ ದಡದ ದೋಣಿಯವನನ್ನು ಕರೆದಳು. "ನಮ್ಮವ್ವ ಇದಾಳಲ್ಲ, ಅವಳ ಮಗ್ಗುಲಲ್ಲಿ ಮಲಗಿಸಿ."

"ಆಗ್ಲಿ ಅಜ್ಜಿ. ಇನ್ನೇನಾದ್ರೂ ಇದೆಯಾ?"

"ಅವನ ಕಾಲಲ್ಲಿ ಏನಿದೆ?"

ಅವನು ಹೋಗಿ ನೋಡಿಬಂದ. "ಏನೂ ಇಲ್ಲ ಅಜ್ಜಿ. ಆಸ್ಪತ್ರೆಯ ಬಟ್ಟೆ ಸುತ್ತಿದಾರೆ."

ಮೂರನೆಯ ದಿನ ಮಧ್ಯಾಹ್ನ ಹೊಳೆ ಗುಡುಗಿ ಒಡೆಯಿತು. ಊರಿಗೆ ಊರೇ ದಡಕ್ಕೆ ಬಂತು. ಇಸಿದೋರನ ಗಿಡಗಳು ಬೇರೆ ಬೇರೆ ಗಡ್ಡೆಗಳ ಮೇಲೆ ನೆಟ್ಟಗೆ ನಿಂತೇ ಸಾಗಿಹೋದವು, ಕೆಲವು ಒಂದೆರಡು ಸುತ್ತು ತಿರುಗಿದವು. ಆಚೆ ದಡದಲ್ಲಿ, ಅವ್ವನ ಗೋರಿಯಿದ್ದ ದಿಬ್ಬದಿಂದ, ಗುಂಡಿಗೆಂದು ನೆಲ ಕರಗಿಸುವ ಬೆಂಕಿಯ ಹೊಗೆ ಏಳುತ್ತಿತ್ತು.

ಉರ್ಸುಲಾ ಕಿತ್ತ ಗಿಡವನ್ನು ತುಂಡು ಮಾಡಿ ಈಚೆ ದಡದಲ್ಲಿ ಬೆಂಕಿ ಹೊತ್ತಿಸಿದ್ದಳು. ಸತ್ತವನ ಪಾಲೆಂದು ಒಣಮೀನಿನ ತುಂಡೊಂದನ್ನು ಬೆಂಕಿಗೆ ಹಾಕಿದಳು. ಆಮೇಲೆ ಜೇಬಿನಿಂದ ಮೆಟ್ಟುಗಳನ್ನು ತೆಗೆದು ಒಳಗೆ ಕೈಯಾಡಿಸಿ ನೋಡಿದಳು, ಚುಚ್ಚುವಂಥದ್ದೇನೂ ಇರಲಿಲ್ಲ. ಒಂದೊಂದಾಗಿ ಬೆಂಕಿಗಿಟ್ಟಳು, ಎಡಗಾಲಿನದು ಮೊದಲು, ಅವನು ಹಾಕಿಕೊಳ್ಳುತ್ತಿದ್ದ ಹಾಗೆ.