ಟೈಲರಕ್ಕನ ಎಡಗಾಲಿನ ವಿಷಯದಲ್ಲಿ ನನ್ನ ಕೈವಾಡ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ. ಕಾಲು ಹೋದಲ್ಲಿಂದಲೋ, ಕಾಲು ಬಂದಲ್ಲಿಂದಲೋ? ಹೋದಲ್ಲಿಂದ ಶುರು ಮಾಡಿದರೆ ನೀವು ಮೊದಲ ಪುಟದಲ್ಲೇ ಕಣ್ಣೊರೆಸಿಕೊಳ್ಳುತ್ತೀರಿ. ಆಮೇಲೆ ನಾನು ಎಂಥ ಜೋಕು ಹೊಡೆದರೂ ‘ಅಯ್ಯೋ ಪಾಪ’ ಎನ್ನುವ ಮುಖ ಇಟ್ಟುಕೊಂಡೇ ಓದುತ್ತೀರಿ. ಬಂದಲ್ಲಿಂದ ಶುರು ಮಾಡಿದರೆ, ಹೋಗಿದ್ದು ಹೇಗೆ ಎಂದು ಕೇಳದೆ ಬಿಡುವವರಲ್ಲ ನೀವು. (ಬಸ್ಸಿನಲ್ಲಿ ಗುರುತು ಪರಿಚಯ ಇಲ್ಲದವರೂ ಕೇಳುತ್ತಾರಂತೆ, ಟಿಕೆಟ್ ತೆಗೆದುಕೊಳ್ಳುವ ಮೊದಲೇ.)

ಇರಲಿ, ಪಾತ್ರವನ್ನು ಪರಿಚಯಿಸಿಬಿಡುತ್ತೇನೆ. ವಯಸ್ಸು ನಲವತ್ತೆಂಟು. ಕೆಲಸ ಬಟ್ಟೆ ಹೊಲಿಯುವುದು. ಬೀದಿಗೆಲ್ಲ ಅವಳು ಟೈಲರಕ್ಕ, ಅವಳಿಗಿಂತ ಹತ್ತು ವರ್ಷ ದೊಡ್ಡವರಿಗೂ ಟೈಲರಕ್ಕನೇ. ಮನೆಯ ಮುಂದಿನ ಕೋಣೆಯೇ ಅಂಗಡಿ, ಕಿಟಕಿಯ ಪಕ್ಕದಲ್ಲಿ ತುಳಿಯುವ ಮಷೀನು. ಎಡಗಾಲು ಮಂಡಿಯಿಂದ ಒಂದು ಗೇಣು ಕೆಳಗೆ ಮುಗಿದುಹೋಗುತ್ತದೆ. ಅವಳಿಗೆ ಬೇಕಾಗಿರುವುದು ಒಂದೇ ಒಂದು: ಆ ಮಷೀನಿನ ಮುಂದೆ ಮೊದಲಿನ ಹಾಗೆ ಕೂತು ಎರಡೂ ಪಾದದಿಂದ ತುಳಿಯಬೇಕು. ಮೋಟರು ಹಾಕಿಸಿಕೋ ಎಂದವರಿಗೆ, ಮೋಟರಿಗೆ ಕಾಲರಿನ ತಿರುವು ಅರ್ಥವಾಗುವುದಿಲ್ಲ ಎನ್ನುತ್ತಾಳೆ.

೧ (ಮತ್ತೊಮ್ಮೆ)

ಮೊದಲ ಡ್ರಾಫ್ಟಿನಲ್ಲಿ ರೈಲಿತ್ತು. ಯಾರದೋ ಮಗುವನ್ನು ಉಳಿಸಲು ಅವಳು ಹಳಿಗೆ ಹಾರುತ್ತಾಳೆ. ಎರಡು ಪುಟ ಬರೆದು ಓದಿ ಹೇಳಿದೆ. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿಸಿಕೊಂಡಳು. ಮುಗಿದ ಮೇಲೆ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, ತನ್ನ ಮನೆಯಿಂದ ರೈಲು ಹಳಿಗೆ ಎಷ್ಟು ದೂರ ಅಂತ ಗೊತ್ತಿದೆಯೇ ಎಂದು ಕೇಳಿದಳು. ಎರಡನೆಯ ಡ್ರಾಫ್ಟಿನಲ್ಲಿ ಬಾಂಬು ಹಾಕಿದೆ. ಅದನ್ನವಳು ಪೂರ್ತಿ ಕೇಳಲೂ ಇಲ್ಲ.

“ಸಕ್ಕರೆ ಕಾಯಿಲೆ ಕಣೋ ತಮ್ಮಾ. ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳಲ್ಲಿ ಗುಳ್ಳೆ ಬಂತು. ನೋವೇ ಗೊತ್ತಾಗ್ಲಿಲ್ಲ, ಅದಕ್ಕೆ ನೋಡ್ಲೂ ಇಲ್ಲ. ನೋಡೋ ಹೊತ್ತಿಗೆ ಪಾದ ಕಪ್ಪಾಗಿತ್ತು. ಅಷ್ಟೇ ಬರ್ಕೋ.”

ಚಪ್ಪಲಿ ಕಚ್ಚಿ ಕಾಲು ಹೋಯಿತು ಎಂದು ಬರೆದರೆ ಯಾವ ಸಂಪಾದಕ ಹಾಕಿಕೊಳ್ಳುತ್ತಾನೆ ಹೇಳಿ. ಹಾವು ಕಚ್ಚಲಿ, ಕೊನೇಪಕ್ಷ ನಾಯಿ ಕಚ್ಚಲಿ ಎಂದು ಗೋಗರೆದೆ. ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

ಮೂರನೆಯ ಡ್ರಾಫ್ಟು ಸ್ಫೂರ್ತಿದಾಯಕವಾಗಿತ್ತು. ಕೃತಕ ಕಾಲು ಹಾಕಿಕೊಂಡು ಅವಳು ಓಟದ ಪಂದ್ಯಕ್ಕೆ ಸೇರುತ್ತಾಳೆ, ಕೊನೆಗೆ ಬರುತ್ತಾಳೆ, ಆದರೂ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. (ಬರೆಯುವಾಗ ನಾನೂ ಎದ್ದು ನಿಂತಿದ್ದೆ.) ತಾನು ಎರಡು ಕಾಲಿದ್ದಾಗಲೂ ಬಸ್ಸಿನ ಹಿಂದೆ ಓಡಿದವಳಲ್ಲ ಎಂದಳು. ಅಲ್ಲಿಗೆ ಅದೂ ಕಸದ ಬುಟ್ಟಿಗೆ ಹೋಯಿತು.

೨

ಕಾಲು ಮಾಡುವ ಜಾಗ ಆಸ್ಪತ್ರೆಯ ಹಿಂದಿನ ಉದ್ದನೆಯ ಶೆಡ್ಡು. ಒಂದು ಪಕ್ಕ ಅಳತೆಯ ಕೋಣೆ, ಇನ್ನೊಂದು ಪಕ್ಕ ಗರಗಸ, ಉಜ್ಜುವ ಯಂತ್ರ, ಬಿಳಿ ಧೂಳು. ಗೋಡೆಗೆ ಸಾಲಾಗಿ ಒರಗಿಸಿದ ಕಾಲುಗಳಲ್ಲಿ ಒಂದಕ್ಕೊಂದು ಜೋಡಿಯಿಲ್ಲ. ಅಳತೆ ತೆಗೆಯುವವನನ್ನು ಎಲ್ಲರೂ ಕಾಲುಮೇಷ್ಟ್ರು ಎನ್ನುತ್ತಾರೆ. ಕಾಲು ಮಾಡಿಕೊಟ್ಟು ಕೈತೊಳೆದುಕೊಳ್ಳುವವನಲ್ಲ ಆತ. ಎರಡು ಕಂಬಿಗಳ ನಡುವೆ ನಿಲ್ಲಿಸಿ ನಡೆಯುವ ಪಾಠವನ್ನೂ ಹೇಳುತ್ತಾನೆ, ಕುಂಟಿದರೆ ಮತ್ತೆ ಒಂದನೇ ಕ್ಲಾಸು.

ಅವನ ಕೊರಳಲ್ಲೂ ಟೇಪು ನೇತಾಡುತ್ತಿತ್ತು. ಟೈಲರಕ್ಕ ಕೂತ ಕೂಡಲೇ ಅದರ ತುದಿ ಹಿಡಿದು ನೋಡಿ, ಸವೆದಿದೆ, ಅರ್ಧ ಇಂಚು ಸುಳ್ಳು ಹೇಳುತ್ತದೆ ಎಂದಳು. ಅದಕ್ಕೇ ತಾನು ಒಂದನೇ ಇಂಚಿನಿಂದ ಹಿಡಿಯುವುದು, ಆಮೇಲೆ ಒಂದು ಕಳೆಯುವುದು ಎಂದ ಅವನು. ಇವಳು ಮಾಡುವುದೂ ಅದನ್ನೇ. ಆ ಕ್ಷಣಕ್ಕೆ ಇಬ್ಬರಿಗೂ ಸರಿಹೋಯಿತು.

ಟೇಪು ಸುತ್ತಿದ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳದ ಗಿರಾಕಿಯನ್ನು ಅವಳು ಮೂವತ್ತು ವರ್ಷದಲ್ಲಿ ಕಂಡಿಲ್ಲ. ಅಂಥವರನ್ನು ಆಡಿಕೊಂಡು ನಕ್ಕವಳೇ. ಈಗ ಮೇಷ್ಟ್ರು ಮೋಟುಗಾಲಿಗೆ ಟೇಪು ಸುತ್ತಿದಾಗ ಅವಳೂ ಉಸಿರು ಬಿಗಿಹಿಡಿದು ಕೂತಿದ್ದಳು.

“ಉಸಿರು ಬಿಡಿ ಅಮ್ಮ,” ಎಂದ ಅವನು. “ಕಾಲು ದಪ್ಪ ಆಗಲ್ಲ.”

ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಅದು ಬೆಚ್ಚಗಾಗಿ ಗಟ್ಟಿಯಾಗುವ ತನಕ ಎರಡೂ ಹೆಬ್ಬೆರಳಿನಿಂದ ಮಂಡಿಚಿಪ್ಪಿನ ಕೆಳಗೆ ಒತ್ತಿ ಹಿಡಿದ. ಮೂಳೆ ಎದ್ದಿರುವ ಕಡೆಯಲ್ಲೆಲ್ಲ ನೇರಳೆ ಪೆನ್ಸಿಲಿನ ಗುರುತು ಹಾಕಿದ್ದ. ಮೂಳೆಯಿರುವಲ್ಲಿ ಜಾಗ ಬಿಡಬೇಕು, ಮಾಂಸವಿರುವಲ್ಲಿ ಬಿಗಿ ಮಾಡಬೇಕು. ರವಿಕೆಯಲ್ಲೂ ಹಾಗೇ ಎಂದು ಅವಳಿಗೆ ಖುಷಿಯಾಯಿತು. ಮಾರ್ಜಿನ್ ಎಷ್ಟು ಬಿಡುತ್ತೀರಿ ಎಂದು ಕೇಳಿದಳು. ಇದರಲ್ಲಿ ಮಾರ್ಜಿನ್ ಇಲ್ಲ, ಬಿಚ್ಚಿ ಹೊಲಿಯುವ ಬಾಬತ್ತಲ್ಲ ಎಂದು ಮೇಷ್ಟ್ರು ನಕ್ಕ. ಮೋಟುಗಾಲು ತಿಂಗಳು ಕಳೆದಂತೆ ಸೊರಗುತ್ತದೆ, ಆಗ ಬಟ್ಟಲು ಸಡಿಲವಾಗುತ್ತದೆ. ಕಾಲಿನ ಜೊತೆ ಮೋಟುಗಾಲಿಗೆ ಎರಡು ಕಾಲುಚೀಲ ಕೊಡುತ್ತೇನೆ, ಒಂದರ ಮೇಲೊಂದು ಹಾಕಿಕೊಳ್ಳಿ, ಅದಕ್ಕೂ ಸಡಿಲವಾದರೆ ಸೀದಾ ಇಲ್ಲಿಗೆ ಬನ್ನಿ ಎಂದು ಹೇಳಿಕಳಿಸಿದ.

(ಕಾಲು ಕೂರುವ ಆ ಗಟ್ಟಿ ಗೂಡನ್ನು ಅವನು ಸಾಕೆಟ್ ಎನ್ನುತ್ತಾನೆ. ಬಟ್ಟಲು ಎಂದು ಹೆಸರಿಟ್ಟಿದ್ದು ಟೈಲರಕ್ಕ. ನನಗೆ ಬಟ್ಟಲೇ ಇಷ್ಟ.)

೩

ಕಾಲು ಬಂತು. ಮೂರು ಬಣ್ಣಗಳಲ್ಲಿ ಸಿಗುತ್ತಿತ್ತು, ಮೂರೂ ಯಾವ ಮನುಷ್ಯರ ಬಣ್ಣವೂ ಅಲ್ಲ. ಮ್ಯಾಚಿಂಗ್ ಸಿಗಲಿಲ್ಲ ಎಂದು ಅವಳು ನಾಲ್ಕು ದಿನ ಗೊಣಗಿದಳು. ಬೆರಳುಗಳು ಮಾತ್ರ ಉಗುರು ಸಮೇತ ಚೆನ್ನಾಗಿದ್ದವು, ತನ್ನವಕ್ಕಿಂತ ಚೆನ್ನಾಗಿವೆ ಎಂದು ಅವಳೇ ಒಪ್ಪಿಕೊಂಡಳು. ಸೊಳ್ಳೆಗಳು ಎಡಗಾಲಿನ ಮೇಲೆ ಕೂತು ಪೆಚ್ಚಾಗಿ ಎದ್ದುಹೋಗುವುದನ್ನು ನೋಡುವುದೇ ಸಂಜೆಯ ಮನರಂಜನೆಯಾಯಿತು.

ಕನ್ನಡದಲ್ಲಿ ಕಾಲಿನ ಸುದ್ದಿಗೆ ಹೋಗದೆ ಮಾತಾಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಾದದ್ದು ಆಗಲೇ. ಕಾಲು ಕೆರೆದು ಜಗಳಕ್ಕೆ ಬಂದ, ಕಾಲಿಗೆ ಬುದ್ಧಿ ಹೇಳಿದ, ಹಾಸಿಗೆ ಇದ್ದಷ್ಟು ಕಾಲು ಚಾಚು. ಗಿರಾಕಿಗಳು ಮಾತಿನ ನಡುವೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಅವಳಿಗೆ ಅದು ತಮಾಷೆ. ಒಬ್ಬಾಕೆ ತೀರಾ ಕನಿಕರದಿಂದ ನೋಡಿದಾಗ, ಬೇಕಾದರೆ ಬಿಚ್ಚಿಕೊಡುತ್ತೇನೆ, ಕೈಯಲ್ಲಿ ಹಿಡಿದು ನೋಡಿ ಎಂದಳು. ಆಕೆ ಬಟ್ಟೆ ಅಲ್ಲೇ ಬಿಟ್ಟು ಹೊರಟುಬಿಟ್ಟಳು.

ಐದು ತಿಂಗಳು ಅವಳ ಜಾಗದಲ್ಲಿ ಕೂತು ಅಂಗಡಿ ನಡೆಸಿದ್ದು ಅವಳ ನಾದಿನಿ. (ನಾದಿನಿಯನ್ನು ಖಳನಾಯಕಿ ಮಾಡಬೇಕೆಂದು ನನಗೆ ಬಹಳ ಆಸೆಯಿತ್ತು. ಹಾಗೇನಾದರೂ ಬರೆದರೆ ಮನೆಗೆ ಸೇರಿಸುವುದಿಲ್ಲ ಎಂದು ಟೈಲರಕ್ಕ ಹೆದರಿಸಿದಳು.) ನಾದಿನಿಯ ಕತ್ತರಿ ಚೆನ್ನಾಗಿ ಓಡುತ್ತದೆ, ಜೇಬು ಮಾತ್ರ ಸೊಟ್ಟ. ಕಾಯಂ ಆಗಿ ಕೂರುವವಳ ಹಾಗೆ ಸ್ಟೂಲಿನ ಮೇಲೆ ಒಂದು ಮೆತ್ತೆಯನ್ನೂ ಹಾಕಿಕೊಂಡಿದ್ದಳು. ಸೊಟ್ಟ ಜೇಬಿಗಿಂತ ಆ ಮೆತ್ತೆಯೇ ಟೈಲರಕ್ಕನಿಗೆ ಹೆಚ್ಚು ಭಯ ಹುಟ್ಟಿಸಿತ್ತು. ನಾದಿನಿಯೇ ಮೆತ್ತೆ ತೆಗೆದು ಅತ್ತಿಗೆಗೆ ಜಾಗ ಬಿಟ್ಟುಕೊಟ್ಟಳು.

ಹೊಸ ಪಾದಕ್ಕೆ ಪೆಡಲು ತಾಗಿದ್ದು ಗೊತ್ತಾಗುವುದಿಲ್ಲ. ಗೊತ್ತಾಗಲೆಂದು ಬಗ್ಗಿ ನೋಡಿದರೆ ಹೊಲಿಗೆ ದಾರಿ ತಪ್ಪುತ್ತದೆ. ಹತ್ತು ದಿನ ದಿಂಬಿನ ಗವಸುಗಳನ್ನು ಹಾಳುಮಾಡಿದ ಮೇಲೆ ಅವಳು ಕಿವಿಯಿಂದ ತುಳಿಯುವುದನ್ನು ಕಲಿತಳು. ಪೆಡಲಿನ ಟಕಟಕ ಸಮನಾಗಿದ್ದರೆ ಪಾದ ಜಾಗದಲ್ಲಿದೆ ಎಂದರ್ಥ. ಹನ್ನೊಂದನೆಯ ದಿನ ಒಂದು ಕಾಲರನ್ನು ತಿರುವಿನ ಸಮೇತ ಒಂದೇ ಓಟಕ್ಕೆ ಮುಗಿಸಿ, ದಾರ ಕತ್ತರಿಸಿ, ಮುಂದಿನ ಬಟ್ಟೆ ಎತ್ತಿಕೊಂಡಳು. ನನಗೆ ನಿಜಕ್ಕೂ ಸಂತೋಷವಾಯಿತು. ಕಥೆ ಇಲ್ಲಿಗೇ ಮುಗಿಸಬೇಕಿತ್ತು. ನನಗೆಲ್ಲಿಂದ ಬರಬೇಕು ಆ ಬುದ್ಧಿ.

ಮೂರನೆಯ ತಿಂಗಳಲ್ಲಿ ಬಟ್ಟಲು ಸಡಿಲವಾಯಿತು. ಎರಡು ಕಾಲುಚೀಲ ಹಾಕಿದರೂ ಒಳಗೆ ಗಾಳಿ ಸೇರಿ, ಹೆಜ್ಜೆ ಹೆಜ್ಜೆಗೂ ನಾಲ್ಕು ಜನರ ನಡುವೆ ಬರಬಾರದ ಸದ್ದೊಂದು ಬರತೊಡಗಿತು. ಗಿರಾಕಿಗಳು ಕಿಟಕಿಯ ಹೊರಗೆ ನೋಡುತ್ತಿದ್ದರು. ಅದು ಕಾಲು ಎಂದು ಅವಳು ವಿವರಿಸಿದಷ್ಟೂ ಯಾರೂ ನಂಬಲಿಲ್ಲ.

(೪ ಇಲ್ಲ. ಪ್ರೆಸ್ಸಿನವರ ತಪ್ಪಲ್ಲ, ನಾನೇ ಹರಿದು ತೆಗೆದಿದ್ದೇನೆ.)

೫

ಅದಾಗಿ ಒಂದು ವಾರಕ್ಕೆ, ಸಂಜೆ ಕಾಲು ಬಿಚ್ಚಿಟ್ಟಾಗ ಕಾಲುಚೀಲದ ಮೇಲೆ ಅಂಗಿ ಗುಂಡಿಯಷ್ಟಗಲ ಕಲೆ ಕಂಡಿತು. ಕಂಡದ್ದು ನಾದಿನಿಗೆ. ಟೈಲರಕ್ಕನಿಗೆ ನೋವೇ ಇರಲಿಲ್ಲ.

ಬೆಳಿಗ್ಗೆ ಇಬ್ಬರೂ ಶೆಡ್ಡಿಗೆ ಹೋದರು. ಒಳಗಿದ್ದ ಚೀಲ ಮೇಷ್ಟ್ರು ಕೊಟ್ಟಿದ್ದಲ್ಲ. ನಾಲ್ಕು ಪದರ ಮೆತ್ತನೆಯ ಹತ್ತಿ ಬಟ್ಟೆ, ಅಂಚು ಒಳಗೆ ಮಡಚಿ, ಎಳೆ ಕಾಣದ ಹಾಗೆ ಎರಡು ಸಾಲು ಹೊಲಿಗೆ ಹಾಕಿದ್ದು. ಮೇಷ್ಟ್ರು ಅದನ್ನು ಒಳಹೊರಗು ಮಾಡಿ, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ. ಬೈಯಲಿಲ್ಲ.

“ಹೊಲಿಗೆ ಬಹಳ ಚೆನ್ನಾಗಿದೆ ಅಮ್ಮ. ಗಟ್ಟಿಯಾಗಿದೆ. ಅದೇ ಆಗಿರೋದು.”

ಆ ಹೊಲಿಗೆ ಸರಿಯಾಗಿ ಮೂಳೆಯ ತುದಿಯ ಮೇಲೆ, ನೇರಳೆ ಪೆನ್ಸಿಲಿನ ಗುರುತಿದ್ದ ಕಡೆಯೇ ಕೂತಿತ್ತು. ವಾರವಿಡೀ ಹೆಜ್ಜೆಗೊಮ್ಮೆ ಉಜ್ಜಿತ್ತು. ಆರು ವಾರ ಕಾಲು ಹಾಕಬಾರದು ಎಂದರು ಡಾಕ್ಟರು. ಗಾಯ ಮೂಳೆಗೆ ಇಳಿದರೆ ಮತ್ತೆ ಕತ್ತರಿಸಬೇಕು, ಈ ಸಲ ಮಂಡಿಯಿಂದ ಮೇಲಕ್ಕೆ. ಮಂಡಿಯಿದ್ದರೆ ಎಂಥ ಕಾಲಿನಲ್ಲೂ ಪೆಡಲು ತುಳಿಸಬಲ್ಲೆ, ಮಂಡಿ ಹೋದರೆ ಆ ಮಾತು ಕೊಡಲಾರೆ ಎಂದ ಮೇಷ್ಟ್ರು. ನಾದಿನಿ ಮತ್ತೆ ಮಷೀನಿನ ಮುಂದೆ ಕೂತಳು. ಮೆತ್ತೆ ಹಾಕಿಕೊಳ್ಳಲಿಲ್ಲ, ಸೊಂಟ ನೋವು ಎಂದು ಹೇಳಿಕೊಳ್ಳಲೂ ಇಲ್ಲ.

೪

ಸರಿ, ಹೇಳಿಬಿಡುತ್ತೇನೆ.

ಬಟ್ಟಲು ಸಡಿಲವಾದಾಗ ಸೋಮವಾರ ಶೆಡ್ಡಿಗೆ ಹೋಗುತ್ತೇನೆ ಎಂದಿದ್ದಳು ಅವಳು. ನಾನು ಯೋಚಿಸಿದೆ: ಎರಡು ಬಸ್ಸು, ಬೆಂಚಿನ ಮೇಲೆ ಕಾಯುವುದು, ಒಂದು ಚೀಲ ಈಸಿಕೊಂಡು ಬರುವುದು. ಇದರಲ್ಲಿ ಕಥೆ ಎಲ್ಲಿದೆ? ಅದೇ, ಒಬ್ಬ ಟೈಲರು ತನ್ನ ಕಾಲಿಗೆ ತಾನೇ ಹೊಲಿದುಕೊಂಡರೆ! ಆಹಾ. ಪೆನ್ನು ತಾನಾಗಿ ಓಡಿತು. ಬಟ್ಟೆ ಹುಡುಕಿಸಿದೆ, ಕತ್ತರಿಸಿದೆ, ಕಿಟಕಿಯಿಂದ ಬೆಳಕನ್ನೂ ಬಿಟ್ಟೆ.

ಅವಳು ಅರ್ಧ ಹೊಲಿದು ನಿಲ್ಲಿಸಿದ್ದಳು. “ಮೇಷ್ಟ್ರು ಕೊಟ್ಟ ಚೀಲದಲ್ಲಿ ಹೊಲಿಗೆನೇ ಇಲ್ಲ ಕಣೋ. ಯಾಕಿರಬಹುದು?”

ಆಗ ನಾನು, ‘ಹೊಲಿಗೆಯಿಲ್ಲದ್ದನ್ನು ಅವಳು ಬಟ್ಟೆಯೆಂದು ಎಂದೂ ಒಪ್ಪಿದವಳಲ್ಲ’ ಎಂದು ಬರೆದೆ. ಬರೆದು, ಇದಪ್ಪಾ ವಾಕ್ಯ ಎಂದು ಅಡಿಗೆರೆ ಎಳೆದೆ. ಅವಳು ಮತ್ತೆ ತುಳಿದಳು. ನೋವೇ ಗೊತ್ತಾಗದೆ ಬರೀ ಒಂದು ಚಪ್ಪಲಿ ಕಾಲು ತೆಗೆದದ್ದನ್ನು ಅವಳು ಮೊದಲೇ ಬಾಯಿಬಿಟ್ಟು ಹೇಳಿದ್ದಳು. ನಾನು ಕೇಳಿಸಿಕೊಂಡಿರಲಿಲ್ಲ, ನಾಯಿ ಹುಡುಕುತ್ತಿದ್ದೆ.

ಗಾಯವಾದ ಮೇಲೆ ಆ ಪುಟ ಹರಿದುಹಾಕಿದೆ. ಗಾಯ ಹೋಗಲಿಲ್ಲ, ಏಕೆಂದರೆ ಐದನೆಯದನ್ನು ನೀವು ಆಗಲೇ ಓದಿಯಾಗಿತ್ತು. ನನಗೆ ನಾಚಿಕೆಯಾಗುತ್ತದೆ. ತಪ್ಪಾಯಿತು ಅಕ್ಕಾ ಎಂದೆ. ಹೇಳಿದ್ದು ನೀನಾದರೂ ಹೊಲಿದದ್ದು ನನ್ನ ಕೈ, ಅದಕ್ಕೂ ಜಂಬವಿತ್ತು ಎಂದಳು. ಸಮಾಧಾನಕ್ಕೆ ಹೇಳಿದಳೋ ನಿಜಕ್ಕೆ ಹೇಳಿದಳೋ, ಅವಳನ್ನು ಸೃಷ್ಟಿಸಿದವನಾದ ನನಗೇ ಗೊತ್ತಾಗಲಿಲ್ಲ.

೬

ಪರಿಹಾರವಾಗಿ ಮೂರು ಮುಕ್ತಾಯ ಬರೆದುಕೊಂಡು ಹೋದೆ, ಆರಿಸಿಕೋ ಎಂದು.

ಅ) ಗಾಯ ಮಾಯುತ್ತದೆ. ಮೇಷ್ಟ್ರು ಹೊಸ ಬಟ್ಟಲು ಮಾಡಿಕೊಡುತ್ತಾನೆ. ಪೆಡಲಿನ ಟಕಟಕದೊಂದಿಗೆ ತೆರೆ.

ಆ) ಮಂಡಿ ಹೋಗುತ್ತದೆ. ಅವಳು ಕತ್ತರಿ ಹಿಡಿಯುತ್ತಾಳೆ, ನಾದಿನಿ ಹೊಲಿಯುತ್ತಾಳೆ, ಅಂಗಡಿ ನಡೆಯುತ್ತದೆ. ಬದುಕು ದೊಡ್ಡದು, ಇತ್ಯಾದಿ.

ಇ) ಇದೆಲ್ಲ ಕನಸು. (ಬೈಯಬೇಡಿ, ಮೂರನೆಯದು ಹೊಳೆಯಲಿಲ್ಲ.)

ಅವಳು ಮೂರನ್ನೂ ಓದಿದಳು. ಖುಷಿಯಲ್ಲಿದ್ದರೆ ನಾನು ತಮ್ಮ, ಸಿಟ್ಟು ಬಂದರೆ ಬಹುವಚನ.

“ನಿಮಗೇನು ಬರಹಗಾರರೇ, ಒಂದು ಮುಕ್ತಾಯ ಹೋದ್ರೆ ಇನ್ನೊಂದು. ಈ ಕಡೆ ನನಗಿರೋದು ಒಂದೇ ಮಂಡಿ.”

ಕಾಗದ ವಾಪಸು ಕೊಟ್ಟಳು. ನಾನು ಮೂರನ್ನೂ ಮಡಚಿ ಜೇಬಿಗೆ ಹಾಕಿಕೊಂಡೆ.

೭

ಆರು ವಾರ ಮುಗಿಯಿತು. ಇವತ್ತು ಬೆಳಿಗ್ಗೆ ಹತ್ತು ಗಂಟೆ, ಡ್ರೆಸ್ಸಿಂಗ್ ಕೋಣೆ. ಹತ್ತು ದಿನದ ಹಿಂದೆ ಡಾಕ್ಟರು ಗಾಯ ಕೆರೆದು ಶುಚಿಮಾಡಿ, ಇನ್ನು ತಾವು ಹೇಳುವವರೆಗೆ ಬಿಚ್ಚಬಾರದೆಂದು ಕಟ್ಟಿಸಿದ್ದರು. ಇವತ್ತು ನೋಡಿ ಮಂಡಿಯ ತೀರ್ಮಾನ ಹೇಳುತ್ತಾರೆ. ಅವರು ಪಕ್ಕದ ಕೋಣೆಯಲ್ಲಿದ್ದಾರೆ, ಬಿಚ್ಚಿದ ಮೇಲೆ ಕರೆಯಿರಿ ಎಂದಿದ್ದಾರೆ.

ಇಲ್ಲಿಯವರೆಗೆ ಪ್ರತಿ ಸಲ ಪಟ್ಟಿ ಬಿಚ್ಚುವಾಗ ಟೈಲರಕ್ಕ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು. ನೋಡುತ್ತಿದ್ದವರು ನರ್ಸಮ್ಮ, ನಾದಿನಿ, ಮತ್ತು ನಾನು. (ಬರೆಯಬೇಕಲ್ಲ.) ಇವತ್ತು ಅವಳು ಮೊಣಕೈ ಊರಿ ಎದ್ದು ಕೂತಳು. ನರ್ಸಮ್ಮ ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚಿದರು. ಕೊನೆಯ ಪದರ ಅಂಟಿಕೊಂಡಿತ್ತು. ಅದರ ಮೇಲೆ ನೀರು ಹನಿಸಿ, ನೆನೆಯಲೆಂದು ಕಾದರು. ನಾದಿನಿ ಅತ್ತಿಗೆಯ ಬೆನ್ನಿಗೆ ಕೈ ಕೊಟ್ಟಳು. ನಾನು ಒಂದು ಹೆಜ್ಜೆ ಮುಂದೆ ಬಂದೆ.

“ನೀನು ಅಲ್ಲೇ ನಿಲ್ಲೋ ತಮ್ಮಾ. ಇದನ್ನ ಮೊದಲು ನಾನು ನೋಡ್ತೀನಿ.”

ಗೋಡೆಯ ಕಡೆ ತಿರುಗಿ ನಿಂತಿದ್ದೇನೆ. ಕೈ ತೊಳೆಯುವುದು ಹೇಗೆ ಎಂಬ ಚಿತ್ರಪಟವಿದೆ ಇಲ್ಲಿ, ಏಳು ಹಂತ, ಐದನ್ನು ಓದಿದೆ. ಹಿಂದೆ ಟ್ರೇಯಲ್ಲಿ ಇಕ್ಕಳ ಇಟ್ಟ ಸದ್ದಾಯಿತು. ತಿರುಗಿ ನೋಡಬೇಕೆಂದು ನನಗೆ ಎಷ್ಟು ಆಸೆಯಾಗುತ್ತಿದೆ ಎಂದು ಹೇಳಲಾರೆ.

ನಿಮಗೂ ಆಗುತ್ತಿರಬೇಕು. ದಯವಿಟ್ಟು ನೀವೂ ಗೋಡೆ ಕಡೆ ತಿರುಗಿ. ಅವಳು ನೋಡುತ್ತಿದ್ದಾಳೆ.