ಅತ್ತೆಯ ಬೈಕಿಗೆ ಭಾನುವಾರದ ಗಡುವು

ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಹುಡುಗಿ ಸವೆದ ಹಲ್ಲುಜ್ಜುವ ಬ್ರಶ್ಶಿನಿಂದ ಬೈಕಿನ ಪ್ಲಗ್ಗು ಉಜ್ಜುತ್ತಿದ್ದಳು. ಉಜ್ಜಿದಳು, ಒರೆಸಿದಳು, ಬಿಸಿಲಿಗೆ ಹಿಡಿದು ನೋಡಿದಳು, ಮತ್ತೆ ಉಜ್ಜಿದಳು. ಗೇಟಿಗೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡಿದ್ದ ಅಪ್ಪ ಬೆಳಗಿನಿಂದ ಪೇಪರಿನ ಒಂದೇ ಪುಟ ಓದುತ್ತಿದ್ದ.

ಬೈಕು ಅತ್ತೆಯದು. ಅಪ್ಪನ ಅಕ್ಕ. ಕರೆಂಟು ಮೀಟರು ಓದುವ ಕೆಲಸದಲ್ಲಿ ಇಪ್ಪತ್ತು ವರ್ಷ ಊರಿನ ಸಂದಿಗೊಂದಿಯನ್ನೆಲ್ಲ ಇದರ ಮೇಲೇ ಸುತ್ತಿದವಳು. ಮೂರು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟಿತು. ಅವತ್ತಿನಿಂದ ಅತ್ತೆ ಕಿಟಕಿಯ ಪಕ್ಕದ ಮಂಚ ಹಿಡಿದಳು, ಬೈಕು ಅಂಗಳದ ಗೋಡೆ ಹಿಡಿಯಿತು. ಅತ್ತೆಯ ಬಾಯಿಗೆ ಮಾತ್ರ ಇನ್ನೂ ರಜೆ ಸಿಕ್ಕಿರಲಿಲ್ಲ.

ಹುಡುಗಿಗೆ ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಎಂಟನೆಯ ತರಗತಿಗೇ ಶಾಲೆ ಬಿಟ್ಟವಳನ್ನು, ನಾಲ್ಕು ಜನರ ಮುಂದೆ ತಲೆ ಎತ್ತದವಳನ್ನು, ಕೈಕೆಲಸ ನೋಡಿಯೇ ತೆಗೆದುಕೊಂಡಿದ್ದರು. ಸೋಮವಾರ ಬೆಳಿಗ್ಗೆ ಆರಕ್ಕೆ ಹಾಜರಾಗಬೇಕು. ಇಲ್ಲದಿದ್ದರೆ ಆ ಜಾಗಕ್ಕೆ ಇನ್ನೊಬ್ಬಳು. ಮೊದಲ ಬಸ್ಸು ಹೊರಡುವುದೇ ಆರೂಮುಕ್ಕಾಲಿಗೆ. ಅದು ಅಪ್ಪನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆ ಬಸ್ಸನ್ನು ಇಪ್ಪತ್ತೆಂಟು ವರ್ಷ ಓಡಿಸಿ ನಿವೃತ್ತನಾದವನು ಅವನೇ.

"ರಸ್ತೆ ಅಂದ್ರೆ ಏನು ಅಂತ ನಾನು ನೋಡಿದೀನಿ. ಮನೇಲಿರು, ನಿನಗೇನು ಕಡಿಮೆಯಾಗಿದೆ?" ಎಂದಿದ್ದ ಶುಕ್ರವಾರ.

ಅವಳು ಅಂಗಳಕ್ಕೆ ಹೋಗಿ ಬೈಕಿನ ಮೇಲಿನ ತಾಡಪಾಲು ಎಳೆದು ತೆಗೆದಿದ್ದಳು. ಅಪ್ಪನಿಗೆ ನಗು ಬಂದಿತ್ತು. "ಮಾಡು, ಮಾಡು. ಭಾನುವಾರ ಸಂಜೆಯೊಳಗೆ ಅದು ಶುರು ಆದ್ರೆ ಹೋಗು, ನಾನು ಅಡ್ಡ ಬರಲ್ಲ. ಆಗಲಿಲ್ವೋ, ಗುಜರಿಗೆ."

"ನನ್ನ ಬೈಕನ್ನ ಗುಜರಿಗೆ ಹಾಕೋಕೆ ನೀನ್ಯಾರೋ?" ಕಿಟಕಿಯಿಂದ ಅತ್ತೆ ಕೇಳಿದ್ದಳು. "ಆದ್ರೂ ಆಗಲಿ, ಒಪ್ಪಿದೆ. ಅವಳ ಕೈ ನನಗೆ ಗೊತ್ತು. ನೀನು ಆಮೇಲೆ ನಾಲಿಗೆ ಹೊರಳಿಸಬೇಡ, ಅಷ್ಟೆ."

ಎರಡು ದಿನದಲ್ಲಿ ಅವಳು ಟ್ಯಾಂಕಿನ ಹಳಸಿದ ಪೆಟ್ರೋಲು ಬಸಿದು ಹೊಸದು ತುಂಬಿದಳು. ಕಾರ್ಬುರೇಟರ್ ಬಿಚ್ಚಿ, ಕೂದಲೆಳೆಯಷ್ಟು ಸಣ್ಣ ತೂತನ್ನು ಒಂದೆಳೆ ತಾಮ್ರದ ತಂತಿಯಿಂದ ಬಿಡಿಸಿದಳು. ಏರ್ ಫಿಲ್ಟರಿನಲ್ಲಿ ಇಲಿಯೊಂದು ಸಂಸಾರ ಹೂಡಿ, ಬಾಣಂತನ ಮುಗಿಸಿ, ಖಾಲಿ ಮಾಡಿಕೊಂಡು ಹೋಗಿತ್ತು. ಅದನ್ನೆಲ್ಲ ಗುಡಿಸಿದಳು. ಈ ಕೆಲಸ ಯಾರೂ ಹೇಳಿಕೊಟ್ಟಿದ್ದಲ್ಲ. ಚಿಕ್ಕಂದಿನಿಂದ ಅತ್ತೆಯ ಪಕ್ಕ ಸ್ಪ್ಯಾನರ್ ಹಿಡಿದು ಕೂತು ನೋಡಿದ್ದು. ಓಡಿಸುವುದನ್ನು ಅತ್ತೆಯೇ ಕಾಲು ಕೆಡುವ ಮುಂಚೆ ಮೈದಾನದಲ್ಲಿ ಕಲಿಸಿ, ಲೈಸೆನ್ಸೂ ಕೊಡಿಸಿದ್ದಳು.

ಶನಿವಾರ ಸಂಜೆ ಬೈಕು ಕೆಮ್ಮಿತು. ಎರಡು ಸಲ ಗುರ್ರೆಂದು ನಿಂತಿತು. ಅಪ್ಪನ ಮುಖದ ನಗು ಅಲ್ಲಿಗೆ ಇಳಿದದ್ದನ್ನು ಅವಳು ನೋಡಿದ್ದಳು. ಇನ್ನು ನಾಳೆ ಖಂಡಿತ ಎಂದುಕೊಂಡು ಮಲಗಿದಳು.

ಆದರೆ ಈವತ್ತು ಕೆಮ್ಮೂ ಇಲ್ಲ. ಕಿಕ್ಕರು ಒದ್ದು ಒದ್ದು ಕಾಲು ಸೋತಿತ್ತು. ಬಿಚ್ಚಿದಾಗಲೆಲ್ಲ ಪ್ಲಗ್ಗು ಪೆಟ್ರೋಲಿನಲ್ಲಿ ತೊಯ್ದಿರುತ್ತಿತ್ತು. ಉಜ್ಜಿದ ಪ್ಲಗ್ಗನ್ನು ಹಾಕಿ ಮತ್ತೆ ಒದ್ದಳು. ಊಹೂಂ.

"ಗುಜರಿಯವನಿಗೆ ಐದು ಗಂಟೆಗೆ ಬಾ ಅಂದಿದೀನಿ," ಪೇಪರಿನ ಹಿಂದಿನಿಂದ ಅಪ್ಪ ಹೇಳಿದ.

"ನಿನ್ನ ಬಸ್ಸನ್ನ ಬೆಳಿಗ್ಗೆ ಎದ್ದು ಹತ್ತು ಜನ ತಳ್ಳಬೇಕಿತ್ತು. ಅದನ್ನ ಯಾವ ಗುಜರಿಗೆ ಹಾಕಿದೆ?" ಎಂದಳು ಅತ್ತೆ.

ಹುಡುಗಿ ಇನ್ನೊಮ್ಮೆ ಒದ್ದಳು. ಈ ಸಲ ಕಣ್ಣು ನೆಲದ ಮೇಲಿತ್ತು. ಸೈಲೆನ್ಸರಿನ ಬಾಯಿಯ ಹಿಂದೆ ನಾಲ್ಕು ಒಣ ಎಲೆ ಬಿದ್ದಿದ್ದವು. ನಿನ್ನೆ ಒದ್ದಾಗ ಅಲ್ಲಿನ ಎಲೆ, ಧೂಳು ಎಲ್ಲ ಹಾರಿತ್ತು. ಈವತ್ತು ಒಂದೆಲೆಯೂ ಮಿಸುಕಲಿಲ್ಲ.

ಅವಳು ಕುಕ್ಕರುಗಾಲಲ್ಲಿ ಕೂತು ಸೈಲೆನ್ಸರಿನೊಳಗೆ ಬೆರಳು ತೂರಿಸಿದಳು. ಮೆತ್ತಗೆ ಏನೋ ತಗುಲಿತು. ಇಕ್ಕಳದಿಂದ ಹಿಡಿದೆಳೆದಳು. ಹಾವಿನ ಹಾಗೆ ಸುತ್ತಿಕೊಂಡ ಬಟ್ಟೆ ಉದ್ದಕ್ಕೆ ಹೊರಬಂತು. ಖಾಕಿ.

"ಇಲಿ ಒಳಗೆ ಹೋಗದಿರಲಿ ಅಂತ ಆಗಲೇ ಯಾವಾಗಲೋ ತುರುಕಿದ್ದಿರಬೇಕು. ಮೂರು ವರ್ಷ ಆಯ್ತಲ್ಲ," ಎಂದ ಅಪ್ಪ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ," ಎಂದಳು ಅತ್ತೆ. "ಇಲ್ಲಿ ಕಳ್ಳ ಅಂತ ಅನ್ನೋಕೂ ಮುಂಚೆ ನೋಡ್ಕೊಂಡೆಯಲ್ಲೋ, ತಮ್ಮ."

ಬಟ್ಟೆ ಅಪ್ಪನ ಹಳೆಯ ಯೂನಿಫಾರ್ಮು ಹರಿದು ಮಾಡಿದ ಒರೆಸುವ ಬಟ್ಟೆ. ಮಸಿಯ ಕೆಳಗೆ ಸಾಬೂನಿನ ವಾಸನೆ ಇನ್ನೂ ಇತ್ತು.

"ಗುರುವಾರ ನಾನೇ ಒಗೆದದ್ದು," ಎಂದಳು ಹುಡುಗಿ.

ಅಪ್ಪ ಪೇಪರು ಇಳಿಸಿದ. ಮುಖ ಸಣ್ಣದಾಗಿತ್ತು. "ಎಷ್ಟು ಮಕ್ಕಳನ್ನ ರಸ್ತೆಯಿಂದ ಎತ್ತಿ, ಬಸ್ಸಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋಗಿದೀನಿ ಗೊತ್ತಾ ನಿನಗೆ?"

"ಗೊತ್ತು. ರಕ್ತ ಅಂಟಿದ ಆ ಅಂಗಿಗಳನ್ನೂ ನಾನೇ ಒಗೆದದ್ದು."

ಅವಳು ಬಟ್ಟೆಯನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ತಂದು ಅಪ್ಪನ ತೊಡೆಯ ಮೇಲಿದ್ದ ಪೇಪರಿನ ಮೇಲಿಟ್ಟಳು. ಹಿಂದಿರುಗಿ ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದಳು. ಒದ್ದಳು. ಕೆಮ್ಮಿತು. ಮತ್ತೆ ಒದ್ದಳು. ಮೂರನೆಯ ಏಟಿಗೆ ಬೈಕು ಹೊತ್ತಿಕೊಂಡು, ಮೂರು ವರ್ಷದ ಮಸಿಯನ್ನೆಲ್ಲ ಗೋಡೆಗೆ ಕಾರಿ, ಗಂಟಲು ಸರಿಮಾಡಿಕೊಂಡು ಒಂದೇ ಸಮನೆ ಓಡತೊಡಗಿತು. ಅತ್ತೆ ಊರುಗೋಲಿನಿಂದ ಕಿಟಕಿಯ ಸರಳು ಬಡಿದಳು. ಅಡುಗೆಮನೆಯಲ್ಲಿದ್ದ ಅಮ್ಮ ಒದ್ದೆ ಕೈಯಲ್ಲೇ ಹೊಸಿಲಿಗೆ ಬಂದು ನಿಂತಳು.

ಹುಡುಗಿ ಹತ್ತಿ ಕೂತು, ಗೇರು ಹಾಕಿ, ಅಂಗಳ ದಾಟಿ ಬಂದಳು. ಮುಂದಿನ ಚಕ್ರ ಅಪ್ಪನ ಮೊಣಕಾಲಿಗೆ ಒಂದು ಗೇಣು ಬಿಟ್ಟು ನಿಂತಿತು. ಅಪ್ಪ ಏಳಲಿಲ್ಲ. ಅವಳು ಬೈಕು ಆರಿಸಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಇಂಜಿನ್ನಿನ ಸದ್ದಿಗಿಂತ ಮೇಲೆ ಕೇಳುವಷ್ಟು ಗಟ್ಟಿಯಾಗಿ ಅವಳು ಆ ಮನೆಯಲ್ಲಿ ಯಾವತ್ತೂ ಮಾತಾಡಿದವಳಲ್ಲ.

"ಅಪ್ಪಾ, ಗೇಟು ತೆಗಿ."